ಹೊಗೆ ನುಂಗುವ ಗಾಡಿ

ಜನರನ್ನು ಕಂಡರೆ ನನಗೆ ಸುಸ್ತಾಗುತ್ತದೆ. ಇದು ಸೊಕ್ಕಿನ ಮಾತಲ್ಲ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಕೂದಲು ಬೆಳ್ಳಗಾಗಿಸಿಕೊಂಡವರಿಗೆ ಅರ್ಥವಾಗುತ್ತದೆ. ಗದಗದಿಂದ ಶಿರಹಟ್ಟಿ, ಅಲ್ಲಿಂದ ಲಕ್ಷ್ಮೇಶ್ವರ, ಮತ್ತೆ ಅದೇ ದಾರಿ ಹಿಡಿದು ವಾಪಸು. ಬದುಕಿನ ಬಹುಪಾಲನ್ನು ನಾನು ನಿಂತುಕೊಂಡೇ ಕಳೆದೆ. “ಮುಂದ ಸರೀರಿ, ಮುಂದ ಜಾಗಾ ಐತಿ” ಎಂದು ಕೂಗಿ ಕೂಗಿ, ಈಗ ಮದುವೆಯ ಊಟಕ್ಕೆ ಸಾಲಿನಲ್ಲಿ ನಿಂತರೂ ಬಾಯಿಗೆ ಅದೇ ಬರುತ್ತದೆ. ನಿವೃತ್ತನಾದ ದಿನ ಡಿಪೋದವರು ಹಾರ ಹಾಕಿದರು, ಶಾಲು ಹೊದಿಸಿದರು. ಇನ್ನು ಬೆಟಗೇರಿಯ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಯಾರ ಮುಖವನ್ನೂ ನೋಡದೆ ಇದ್ದುಬಿಡೋಣ ಎಂದುಕೊಂಡಿದ್ದೆ.

ಹೆಂಡತಿ ಅದಕ್ಕೆ ಒಪ್ಪಲಿಲ್ಲ. ಅವಳು ಮನೆಯಲ್ಲೇ ಕೂತು ನೇಕಾರರಿಗೆ ನೂಲು ಸುತ್ತಿ ಕೊಡುತ್ತಾಳೆ. ರಾಟಿ ತಿರುಗುವ ಸದ್ದಿನ ಜೊತೆಗೆ ನನ್ನ ಗೊಣಗಾಟವನ್ನೂ ಕೇಳಿಸಿಕೊಳ್ಳುವ ಪುರಸೊತ್ತು ಅವಳಿಗಿರಲಿಲ್ಲ. “ಏನ್ರಿ, ನೀವು ದಿನಾ ಹಿಂಗ ಮನ್ಯಾಗ ಕುಂತ್ರ ನಾ ಎಲ್ಲಿ ಹೋಗ್ಲಿ?” ಎಂದಳು. ನಮ್ಮ ಮನೆಯ ಮಾತು ಉರ್ದು. ಆದರೆ ಅವಳು ಬೈಯುವುದು ಮಾತ್ರ ಕನ್ನಡದಲ್ಲಿ, ಅಕ್ಕಪಕ್ಕದವರಿಗೂ ತಿಳಿಯಲಿ ಎಂದು. ಹೀಗೆ ಮನೆಯಿಂದ ಹೊರಬಿದ್ದವನು ಮ್ಯೂಸಿಯಮ್ಮಿಗೆ ಬಂದು ಸೇರಿದೆ.

ಮಲ್ಲಸಮುದ್ರದ ಕಡೆಗೆ ಹೋಗುವ ರಸ್ತೆಯಲ್ಲಿ, ತಗಡಿನ ಚಾವಣಿಯ ಎರಡು ದೊಡ್ಡ ಶೆಡ್ಡುಗಳಲ್ಲಿ ಅದು ಇದೆ. ಹಳೆಯ ವಾಹನಗಳ ಸಂಗ್ರಹ. ಒಂದು ಸವಾರಿ ಬಂಡಿ, ಒಂದು ಟಾಂಗಾ, ಹಳಿ ನೋಡಿಕೊಂಡು ಹೋಗುವವರು ತಳ್ಳುತ್ತಿದ್ದ ಕೈಗಾಡಿ, ಮೂತಿ ಮುಂದಕ್ಕೆ ಚಾಚಿದ ಹಳೆಯ ಬಸ್ಸು. ಬಸ್ಸನ್ನು ಮೊದಲ ದಿನ ನೋಡಿದಾಗ ನನಗೆ ಒಂಥರಾ ಆಯಿತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಂಥ ಒಂದು ಬಸ್ಸು ಇನ್ನೂ ಓಡುತ್ತಿತ್ತು. ಅದನ್ನು ಇಲ್ಲಿ ಹಗ್ಗ ಕಟ್ಟಿ, ಮುಂದೆ ಬೋರ್ಡು ನೆಟ್ಟು ನಿಲ್ಲಿಸಿದ್ದರು. ನನ್ನ ಕೊರಳಿಗೂ ಒಂದು ಬೋರ್ಡು ತೂಗುಹಾಕಿ ಪಕ್ಕದಲ್ಲಿ ನಿಲ್ಲಿಸಿದರೆ ನಡೆದೀತು ಅನಿಸಿತು.

ನನ್ನ ಕೆಲಸ ಎರಡನೆಯ ಶೆಡ್ಡಿನಲ್ಲಿ. ಅಲ್ಲಿ ಇರುವುದು ಒಂದೇ ಒಂದು ಗಾಡಿ, ಸೈನ್ಯದವರು ಪ್ರಯೋಗಕ್ಕೆಂದು ಮಾಡಿಸಿದ್ದ ರೈಲು ಎಂಜಿನ್. ಬೆಳಿಗ್ಗೆ ಬೀಗ ತೆಗೆಯುವುದು, ಧೂಳು ಒರೆಸುವುದು, ಬಂದವರಿಗೆ ಅದರ ಕಥೆ ಹೇಳುವುದು, ಸಂಜೆ ಬೀಗ ಹಾಕುವುದು. ಕಥೆಯನ್ನು ಮ್ಯೂಸಿಯಮ್ಮಿನ ಉಸ್ತುವಾರಿ ನೋಡಿಕೊಳ್ಳುವ ಮೇಡಂ ಹೇಳಿಕೊಟ್ಟಿದ್ದರು. ಧಾರವಾಡದ ಕಡೆಯ ಹುಡುಗಿ, ವಯಸ್ಸಿನಲ್ಲಿ ನನ್ನ ಮಗಳಂತೆ, ನನ್ನನ್ನು ಚಾಚಾ ಎಂದೇ ಕರೆಯುತ್ತಾರೆ. ಕಥೆ ಹೀಗಿದೆ. ಉಗಿಬಂಡಿಯ ಹೊಗೆ ಬಹಳ ದೂರಕ್ಕೆ ಕಾಣುತ್ತದೆ. ಯುದ್ಧದಲ್ಲಿ ವಿಮಾನದಿಂದ ನೋಡುವ ವೈರಿಗೆ ಅದೇ ಗುರುತು. ಹೊಗೆಯೇ ಕಾಣದ ಹಾಗೆ ಒಂದು ಎಂಜಿನ್ ಮಾಡಿದರೆ ಹೇಗೆ ಎಂದು ಯಾರೋ ಯೋಚಿಸಿದರು. ಚಿಮಣಿಯ ಬಾಯಿಗೆ ಮುಚ್ಚಳ ಹಾಕಿದರು. ಹೊಗೆಯನ್ನೂ ಉಗಿಯನ್ನೂ ಕೊಳವೆಗಳಲ್ಲಿ ಹಿಂದಕ್ಕೆ ತಿರುಗಿಸಿ ನೀರಿನ ತೊಟ್ಟಿಯೊಳಗೆ ಇಳಿಸಿದರು. ಡ್ರೈವರ್ ಮತ್ತು ಕಲ್ಲಿದ್ದಲು ಹಾಕುವವನು ನಿಲ್ಲುವ ಕೋಣೆಗೆ ಗುಂಡು ತಾಗದಂತೆ ಸುತ್ತ ದಪ್ಪ ಉಕ್ಕಿನ ತಗಡು ಹೊಡೆದರು. ಕಿಟಕಿ ಇರಬೇಕಾದಲ್ಲಿ ಎರಡು ಬೆರಳು ತೂರುವಷ್ಟು ಸೀಳು. ಬಾಗಿಲು ತಿಜೋರಿಯ ಬಾಗಿಲಿನಂತೆ ಭಾರ.

ನುಂಗಿದ ಹೊಗೆ ಕೊನೆಗೆ ಎಲ್ಲಿಗೆ ಹೋಗಬೇಕು ಎಂಬುದನ್ನು ಮಾತ್ರ ಅವರು ಸರಿಯಾಗಿ ಯೋಚಿಸಿರಲಿಲ್ಲ. ತೊಟ್ಟಿ ತುಂಬಿದಾಗ ಅದು ಒಳಗಿನ ಕೋಣೆಗೇ ತಿರುಗುತ್ತಿತ್ತು. ಇಂಥ ಎಂಜಿನ್ನುಗಳು ಎರಡು ತಯಾರಾಗಿದ್ದವು, ಇದು ಮೊದಲನೆಯದು. ಎರಡನೆಯದನ್ನು ಓಡಿಸಿ ನೋಡುವಾಗ ಹೊಗೆ ಒಳಕ್ಕೆ ಬಂದು ಕಲ್ಲಿದ್ದಲು ಹಾಕುವವನು ಸತ್ತ. ಪ್ರಯೋಗ ಅಲ್ಲಿಗೇ ನಿಂತಿತು. ಎರಡನೆಯದನ್ನು ಒಡೆದು ಗುಜರಿಗೆ ಹಾಕಿದರು, ಇದು ಯಾವುದೋ ಡಿಪೋದ ಮೂಲೆಯಲ್ಲಿ ಬಹಳ ವರ್ಷ ಬಿಸಿಲು ಕಾಯಿಸಿಕೊಂಡು ನಿಂತು, ಕೊನೆಗೆ ಇಲ್ಲಿಗೆ ಬಂತು.

ಇಷ್ಟನ್ನೂ ಮೊದಲು ಪೂರ್ತಿ ಹೇಳುತ್ತಿದ್ದೆ. ಆದರೆ ಕೇಳುವವರು ಯಾರು? ಅರ್ಧ ಕಥೆಗೆ ಬರುವಷ್ಟರಲ್ಲಿ ಜನ ಫೋನು ಮೇಲೆತ್ತಿ ಫೋಟೋಕ್ಕೆ ನಿಂತಿರುತ್ತಾರೆ. “ಇದ್ರಾಗ ಎಷ್ಟು ಮಂದಿ ಹಿಡೀತಾರ?” ಎಂದು ಕೇಳುವವರಿದ್ದಾರೆ. “ಇದನ್ನ ಮಾರೂದಿದ್ರ ಹೇಳ್ರಿ, ಕಬ್ಬಿಣಾ ಚೊಲೋ ಐತಿ” ಎಂದವನೂ ಒಬ್ಬ ಇದ್ದ. ಎರಡನೆಯ ಎಂಜಿನ್ನಿನ ಸುದ್ದಿಗೆ ಬರುವ ಹೊತ್ತಿಗೆ ಶೆಡ್ಡಿನಲ್ಲಿ ನಾನೊಬ್ಬನೇ ಉಳಿದಿರುತ್ತಿದ್ದೆ. ಹೀಗಾಗಿ ಆ ಭಾಗ ತಾನಾಗಿಯೇ ಉದುರಿಹೋಯಿತು. ಹೊಗೆ ನುಂಗುತ್ತಿತ್ತು, ಕೆಟ್ಟಿತು, ನಿಲ್ಲಿಸಿದರು, ಮುಂದೆ ನಡೀರಿ. ಅಷ್ಟರಲ್ಲಿ ಮುಗಿಸುತ್ತಿದ್ದೆ.

ಭಾದ್ರಪದದ ಒಂದು ಮಧ್ಯಾಹ್ನ ಆ ಹೆಂಗಸು ಬಂದಳು. ಮಳೆ ಬಾರದ, ಗಾಳಿಯೂ ಇಲ್ಲದ ಸೆಕೆಯ ದಿನ. ತಗಡಿನ ಕೆಳಗೆ ಕೂತು ನಾನು ತೂಕಡಿಸುತ್ತಿದ್ದೆ. ಅರವತ್ತು ದಾಟಿದ ಹೆಂಗಸು, ಇಳಕಲ್ಲ ಸೀರೆ, ತಲೆಯ ಮೇಲೆ ಸೆರಗು. ಜೊತೆಗೆ ಸೊಸೆ. ಮುಂಡರಗಿಯಿಂದ ಬಸ್ಸಿನಲ್ಲಿ ಬಂದಿದ್ದರು. ಮೊಮ್ಮಗ ಶಾಲೆಯ ಪ್ರವಾಸದಲ್ಲಿ ಇಲ್ಲಿಗೆ ಬಂದು ಹೋಗಿ, ಮನೆಯಲ್ಲಿ ಹೊಗೆ ನುಂಗುವ ಗಾಡಿಯ ಸುದ್ದಿ ಹೇಳಿದ್ದನಂತೆ. ಅದನ್ನು ಕೇಳಿದ ಅಜ್ಜಿ ಮೂರು ಹೊತ್ತು ಸರಿಯಾಗಿ ಉಣ್ಣಲಿಲ್ಲ ಎಂದು ಸೊಸೆ ನನಗೆ ಹೇಳಿದಳು.

ನಾನು ಎದ್ದು ನನ್ನ ಕಥೆ ಶುರುಮಾಡಿದೆ. ಆ ಹೆಂಗಸು ಎಂಜಿನ್ ನೋಡುತ್ತಿರಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತಿದ್ದಳು.

“ಅಣ್ಣಾರ, ಇದು ಖರೇನ ಹೊಗಿ ನುಂಗತಿತ್ತೇನ್ರಿ?”

“ಹೂಂನ್ರಿ ಅಕ್ಕಾರ. ಅಲ್ಲಿ ನೋಡ್ರಿ, ಚಿಮಣಿಗೆ ಮುಚ್ಚಳಾ ಐತಿ.”

“ಹೊರಗ ಏನೂ ಬರ್ತಿರಲಿಲ್ಲ?”

“ಇಲ್ರಿ.”

“ಇದು ಆಟಕ್ಕ ಮಾಡಿದ್ದಲ್ಲಲ್ರಿ? ನೋಡಾಕ ಚಂದ ಅಂತ ಆಮ್ಯಾಲ ಮಾಡಿ ಇಟ್ಟಿದ್ದಲ್ಲಲ್ಲ?”

ಬಸ್ಸಿನಲ್ಲಿ ಹೀಗೆ ಕೇಳಿದ್ದನ್ನೇ ಕೇಳುವವರು ಸಿಕ್ಕರೆ ನನಗೆ ಮೈ ಉರಿಯುತ್ತಿತ್ತು. ಲಕ್ಷ್ಮೇಶ್ವರ ಬಂತೇನ್ರಿ, ಲಕ್ಷ್ಮೇಶ್ವರ ಬಂತೇನ್ರಿ. ಅದೇ ದನಿಯಲ್ಲಿ ನಾನು, “ಅಕ್ಕಾರ, ಇದು ಸೈನ್ಯದ್ದು. ಇದರಾಗ ಮಂದಿ ಕೆಲಸಾ ಮಾಡ್ಯಾರ. ಹೊಗಿ ಒಳಗ ಹೊಕ್ಕು ಒಬ್ಬರು ಸತ್ತೂ ಹೋಗ್ಯಾರ. ಆಟಕ್ಕ ಯಾರ್ ಸಾಯ್ತಾರ್ರಿ?” ಎಂದೆ.

ಅವಳು ನಿಂತಲ್ಲೇ ಕೆಳಗೆ ಕೂತಳು. ಬಿದ್ದಳೋ ಏನೋ ಎಂದು ಸೊಸೆ ಓಡಿಬಂದು ಹಿಡಿದಳು. ಬಿದ್ದಿರಲಿಲ್ಲ. ಎರಡೂ ಕೈಗಳನ್ನು ನೆಲಕ್ಕೆ ಊರಿ ಕೂತು, “ಹಂಗಾರ ಖರೆ. ಹಂಗಾರ ಖರೇನ ಅದು” ಎನ್ನುತ್ತಿದ್ದಳು. ನಾನು ನನ್ನ ಕುರ್ಚಿ ತಂದು ಕೂರಿಸಿ ನೀರು ಕೊಟ್ಟೆ. ನನಗೆ ಏನೂ ಅರ್ಥವಾಗಿರಲಿಲ್ಲ, ಸುಮ್ಮನೆ ಹೆದರಿಕೆಯಾಗಿತ್ತು.

ಆಮೇಲೆ ಅವಳೇ ಹೇಳಿದಳು. ಅವಳ ಅಪ್ಪ ಸೈನ್ಯದಲ್ಲಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಕೆಲಸದಲ್ಲಿದ್ದ. ರಜೆಗೆ ಬಂದು ವಾಪಸು ಹೊರಟಾಗ ಅವ್ವ ಗದಗ ಸ್ಟೇಶನ್ನಿಗೆ ಬಂದು ರೈಲು ಹತ್ತಿಸಿ ಹೋಗಿದ್ದಳು. ಆಗ ಅವ್ವ ಬಸುರಿ. ರೈಲು ಕಣ್ಣಿಗೆ ಮರೆಯಾದ ಮೇಲೂ ಅದರ ಹೊಗೆ ಕಾಣುತ್ತಿತ್ತು, ಅದು ಕರಗುವವರೆಗೆ ನಿಂತು ನೋಡಿ ಬಂದೆ ಎಂದು ಅವ್ವ ಯಾವಾಗಲೂ ಹೇಳುತ್ತಿದ್ದಳಂತೆ. ಕೆಲವು ತಿಂಗಳಾದ ಮೇಲೆ ಒಬ್ಬ ಸಿಪಾಯಿ ಒಂದು ಟ್ರಂಕು ಹೊತ್ತುಕೊಂಡು ಮನೆಗೆ ಬಂದ. ನಿನ್ನ ಗಂಡ ತೀರಿಹೋದ, ಮಣ್ಣೂ ಅಲ್ಲೇ ಆಯಿತು ಎಂದ. ಹೇಗೆ ಹೋದ ಎಂದು ಮನೆಯವರು ಕೇಳಿದರು. ಹೊಗೆ ಹೊರಗೆ ಬಿಡದೆ ತಾನೇ ನುಂಗುವ ಒಂದು ರೈಲು ಎಂಜಿನ್ ಮಾಡಿದ್ದರು, ಅದರೊಳಗೆ ಉಸಿರುಗಟ್ಟಿ ಹೋದ ಎಂದು ಸಿಪಾಯಿ ಹೇಳಿದ.

“ನಮ್ಮವ್ವ ನಕ್ಕಳಂತ್ರಿ,” ಎಂದಳು ಆ ಹೆಂಗಸು. “ಹೊಗಿ ನುಂಗೋ ರೈಲು ಎಲ್ಲೆರ ಇರ್ತೈತೇನ? ಸುಳ್ಳರ ನೆಟ್ಟಗ ಹೇಳಬಾರದಾ ಇಂವಾ, ಅಂದ್ಲಂತ.”

ಅವ್ವನ ಲೆಕ್ಕ ಬಹಳ ಸರಳವಾಗಿತ್ತು. ರೈಲು ಎಂದರೆ ಹೊಗೆ. ಅದನ್ನು ಅವಳು ತನ್ನ ಕಣ್ಣಾರೆ ಕಂಡಿದ್ದಳು. ಹೊಗೆಯಿಲ್ಲದ ರೈಲು ಸುಳ್ಳಾದರೆ ಅದರೊಳಗೆ ಸತ್ತ ಸಾವೂ ಸುಳ್ಳು. ಗಂಡ ಎಲ್ಲೋ ಇದ್ದಾನೆ, ಯಾವುದೋ ಕಾರಣಕ್ಕೆ ಬರಲಾಗದೆ ಈ ಮನುಷ್ಯನ ಕೈಯಲ್ಲಿ ಕಥೆ ಕಟ್ಟಿ ಕಳಿಸಿದ್ದಾನೆ. ಬಳೆ ಒಡೆಯಲು ಬಂದ ಹೆಂಗಸರನ್ನು ಕುಡಗೋಲು ಹಿಡಿದು ಅಂಗಳದಿಂದ ಆಚೆ ಅಟ್ಟಿದಳು. ಅದಾದ ಸ್ವಲ್ಪ ದಿನಕ್ಕೆ ಹೆರಿಗೆಯಾಯಿತು. ಅವತ್ತಿನಿಂದ ಸಾಯುವವರೆಗೆ ಹಣೆಯ ಕುಂಕುಮ ಅಳಿಸಲಿಲ್ಲ, ಕೈತುಂಬ ಹಸಿರು ಬಳೆ. ಊರಿನವರು ಮೊದಮೊದಲು ಆಡಿಕೊಂಡರು, ಆಮೇಲೆ ರೂಢಿಯಾಯಿತು, ಕೊನೆಗೆ ಸೀಮಂತಕ್ಕೂ ಕರೆಯತೊಡಗಿದರು. ಹೋದ ವರ್ಷ ಅವ್ವ ತೀರಿಕೊಂಡಾಗ ಮುತ್ತೈದೆ ಎಂದೇ ಉಡಿ ತುಂಬಿ, ಹಸಿರು ಸೀರೆ ಉಡಿಸಿ ಮಣ್ಣು ಮಾಡಿದರು.

ಅವಳ ಸಂಕಟ ಇಲ್ಲಿಂದ ಶುರುವಾಗಿತ್ತು. ಮಹಾನವಮಿ ಅಮಾವಾಸ್ಯೆಗೆ ಅವರ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಹೊಸ ಬಟ್ಟೆ ಇಟ್ಟು, ಅಡುಗೆ ಬಡಿಸಿ, ಹೋದವರನ್ನು ಹೆಸರು ಹಿಡಿದೋ ನಂಟು ಹಿಡಿದೋ ಊಟಕ್ಕೆ ಕರೆದು, ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ ಎಲ್ಲರೂ ಹೊರಗಿರುತ್ತಾರೆ. ಅಜ್ಜ ಅಜ್ಜಿಗೆ ಎಡೆ ಇತ್ತು, ಅಪ್ಪನಿಗೆ ಇಲ್ಲ. ಬದುಕಿರುವವನಿಗೆ ಎಡೆ ಇಟ್ಟರೆ ಪಾಪ ಎಂದು ಅವ್ವ ಇಡಗೊಟ್ಟಿರಲಿಲ್ಲ. ಈ ಅಮಾವಾಸ್ಯೆಗೆ ಅವ್ವನಿಗೆ ಮೊದಲ ಎಡೆ.

“ಅವ್ವಗ ಒಬ್ಬಾಕಿಗೆ ಎಲಿ ಹಾಕ್ಲೋ, ಇಬ್ಬರಿಗೂ ಹಾಕ್ಲೋ? ಯಾರನ್ನ ಕೇಳ್ಲಿ ನಾ? ಅವ್ವನ ಮಾತು ನಂಬಿದ್ರ ಅಪ್ಪ ಉಪಾಸ. ನಂಬದಿದ್ರ ಅವ್ವನ್ನ ಸುಳ್ಳ ಮಾಡಿಧಂಗ. ವರ್ಷಪೂರ್ತಿ ಇದ ನನ್ನ ತಲಿಯಾಗ. ಈಗ ನೋಡ್ರಿ, ಗಾಡಿ ಖರೇನ ಐತಿ.”

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಿತ್ತು. ಅಳುವವರನ್ನು ಬಸ್ಸಿನಲ್ಲಿ ಬೇಕಾದಷ್ಟು ನೋಡಿದ್ದೇನೆ, ಸೀಟು ಬಿಡಿಸಿ ಕೂರಿಸಿದರೆ ಸಾಕು. ಇವಳು ಎದ್ದು ಹೋಗಿ ಎಂಜಿನ್ನಿನ ಮೈ ಮುಟ್ಟಿ, ಕೈಗೆ ಹತ್ತಿದ ಧೂಳು ನೋಡಿಕೊಂಡು, ನಿಧಾನವಾಗಿ ಹೇಳಿದಳು: ಅಮಾವಾಸ್ಯೆಗೆ ಅಪ್ಪನ ಎಡೆ ಇಲ್ಲೇ ಇಡಬೇಕು.

ಮನೆಯಲ್ಲೇ ಇಡಬಹುದಲ್ಲ ಎಂದೆ ನಾನು.

“ಅಂವಾ ನೋಡಿದ ಮನಿ ಬಿದ್ದು ಹೋತ್ರಿ. ಈಗಿಂದು ನಾವು ಆಮ್ಯಾಲ ಕಟ್ಟಿದ್ದು. ಅಂವಗ ದಾರಿ ಹೆಂಗ ಗೊತ್ತಾಗಬೇಕು? ಮೊದಲನೇ ಸಲ ಇದ್ದಲ್ಲೇ ಹೋಗಿ ಕರೀಬೇಕ್ರಿ. ಅವ್ವಂದು ಮನ್ಯಾಗ ಇಡ್ತೇವಿ. ಮುಂದಿನ ವರ್ಷ ಅಂವಾನೂ ಮನಿಗೆ ಬರ್ತಾನ.”

ಮೇಡಂ ಅವರನ್ನು ಕೇಳಿ ಹೇಳುತ್ತೇನೆ ಎಂದು, ಫೋನ್ ನಂಬರು ತೆಗೆದುಕೊಂಡು ಕಳಿಸಿದೆ. ಎರಡನೆಯ ಎಂಜಿನ್ನಿನ ಮಾತು ಬಾಯಿಗೆ ಬಂದಿತ್ತು. ಆದರೆ ಆಗಷ್ಟೇ ಅಪ್ಪ ಸತ್ತ ಸುದ್ದಿ ನಂಬಿದವಳಿಗೆ, ಸತ್ತಿದ್ದು ಇದರಲ್ಲಲ್ಲ, ಬೇರೆಯದರಲ್ಲಿ ಎಂದು ಯಾವ ಬಾಯಿಂದ ಹೇಳುವುದು? ಅವರು ಗೇಟು ದಾಟಿ ಹೋಗುವುದನ್ನು ನೋಡುತ್ತ ಕೂತೆ. ಬಹಳ ಸುಸ್ತಾಯಿತು. ಏನೂ ಹೊತ್ತಿರಲಿಲ್ಲ, ಎಲ್ಲಿಗೂ ನಡೆದಿರಲಿಲ್ಲ, ಆದರೂ ಸುಸ್ತು.

ಮೇಡಂ ಎಲ್ಲವನ್ನೂ ಕೇಳಿಸಿಕೊಂಡು ಹಣೆ ಉಜ್ಜಿಕೊಂಡರು. ಒಳಗೆ ತಿನ್ನುವ ಪದಾರ್ಥ ತರಬಾರದೆಂಬುದು ನಿಯಮ. ಇರುವೆ ಬರುತ್ತವೆ, ಇಲಿ ಬರುತ್ತವೆ, ಹಳೆಯ ಬಣ್ಣಕ್ಕೆ ಎಣ್ಣೆ ತಾಗಿದರೆ ಹೋಗುವುದಿಲ್ಲ. ಇದನ್ನೆಲ್ಲ ಅವರು ನನಗೆ ಹೇಳುತ್ತಿದ್ದರೋ ತಮಗೇ ಹೇಳಿಕೊಳ್ಳುತ್ತಿದ್ದರೋ ತಿಳಿಯಲಿಲ್ಲ. ಕೊನೆಗೆ, “ಚಾಚಾ, ದೀಪಾ ಹಚ್ಚಬಾರದು. ಬಣ್ಣಕ್ಕ ಕುಂಕುಮ ಹತ್ತಬಾರದು. ಕೆಳಗ ಪೇಪರ್ ಹಾಸ್ರಿ, ಒಂದು ಅಗಳೂ ಉಳೀಬಾರದು. ನಾ ಆ ಹೊತ್ನ್ಯಾಗ ಊಟಕ್ಕ ಹೋಗಿರ್ತೇನಿ” ಎಂದರು. ಇಷ್ಟು ಹೇಳಿ ಕಂಪ್ಯೂಟರಿನ ಕಡೆಗೆ ತಿರುಗಿದರು. ಅವರಿಗೆ ಒಳ್ಳೆಯದಾಗಲಿ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ರಾಟಿ ನಿಲ್ಲಿಸದೆಯೇ ಕೇಳಿದಳು.

“ಅದು ಎರಡನೇದ್ರಾಗ ಆಗಿದ್ದು ಅಂತ ಆಕಿಗೆ ಹೇಳೀರೇನು?”

“ಇಲ್ಲ. ಹೇಳಿ ಏನ್ ಆಗೂದೈತಿ? ಸತ್ತಿದ್ದು ಖರೆ, ಗಾಡಿ ಅಂಥಾದ್ದ. ಇಟ್ಟು ಹೋಗ್ಲಿ ಬಿಡು, ಸಮಾಧಾನ ಆಗ್ತೈತಿ.”

ಅವಳು ರಾಟಿ ನಿಲ್ಲಿಸಿದಳು. “ಆಕಿಗೆ ಹುಟ್ಟಿದಾಗಿಂದ ಎಲ್ಲಾರೂ ಒಂದೊಂದು ಅರ್ಧಾ ಹೇಳ್ಕೋತ ಬಂದಾರ. ನೀವೂ ಅರ್ಧಾ ಹೇಳಬ್ಯಾಡ್ರಿ. ಕೇಳಿದ ಮ್ಯಾಲ ಇಡೂದು ಬಿಡೂದು ಆಕಿ ನೋಡ್ಕೋತಾಳ.”

ನನಗೆ ಸಿಟ್ಟು ಬಂತು. ಮನೆಯಲ್ಲಿ ಕೂತು ಹೇಳುವುದು ಸುಲಭ, ಎದುರಿಗೆ ನಿಂತು ಹೇಳಬೇಕಾದವನು ನಾನು. ಉಂಡು ಮಲಗಿದೆ. ಆದರೆ ಅವಳು ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ನಮ್ಮ ಬಹುತೇಕ ಜಗಳಗಳು ಹೀಗೆಯೇ ಮುಗಿಯುತ್ತವೆ.

ಅಮಾವಾಸ್ಯೆಯ ದಿನ ಅವರು ಮೊದಲ ಬಸ್ಸಿಗೇ ಹೊರಟಿರಬೇಕು. ನಾನು ಬೀಗ ತೆಗೆಯುವ ಹೊತ್ತಿಗೆ ಗೇಟಿನ ಹೊರಗೆ ಬೇವಿನ ನೆರಳಲ್ಲಿ ಕೂತಿದ್ದರು. ಅತ್ತೆಯ ತೊಡೆಯ ಮೇಲೆ ಒಂದು ಡಬ್ಬಿಗಳ ಚೀಲ, ಸೊಸೆಯ ಕೈಯಲ್ಲಿ ಇನ್ನೊಂದು. ಮೇಡಂ ಊಟಕ್ಕೆ ಹೋಗುವವರೆಗೆ ಕಾಯಬೇಕು ಎಂದೆ. ಕಾಯುವುದೇನು ಹೊಸದಲ್ಲವಲ್ಲ ಎಂಬಂತೆ ಅತ್ತೆ ತಲೆಯಾಡಿಸಿದಳು. ಬೆಳಗಿನಿಂದ ಬಾಯಿಗೆ ನೀರೂ ಹಾಕಿರಲಿಲ್ಲ. ಬಂದ ಜನರಿಗೆ ನಾನು ಎಂಜಿನ್ನಿನ ಕಥೆ ಹೇಳುತ್ತಿದ್ದರೆ ಆ ಕಡೆಯಿಂದ ಅವಳ ಕಣ್ಣು ನನ್ನ ಬೆನ್ನ ಮೇಲೆ ಇದ್ದಂತೆ ಅನಿಸುತ್ತಿತ್ತು. ಅವತ್ತು ನನ್ನ ಕಥೆ ಇನ್ನೂ ಚಿಕ್ಕದಾಯಿತು.

ಮಧ್ಯಾಹ್ನ ಮೇಡಂ ಹೋದ ಮೇಲೆ ಶೆಡ್ಡಿನ ಬಾಗಿಲು ಅರ್ಧ ಎಳೆದು, ಎಂಜಿನ್ನಿನ ಕೋಣೆಯ ಬೀಗ ತೆಗೆದೆ. ಕಬ್ಬಿಣದ ಮೆಟ್ಟಿಲು ಬಹಳ ಎತ್ತರ. ಅವಳಿಗೂ ಮಂಡಿನೋವು, ನನಗೂ ಮಂಡಿನೋವು. ಒಬ್ಬರನ್ನೊಬ್ಬರು ಎಳೆದುಕೊಂಡು, ಇಬ್ಬರೂ ನರಳುತ್ತ ಹತ್ತಿದ್ದನ್ನು ಕಂಡು ಸೊಸೆಗೆ ನಗು ಬಂತು, ಸೆರಗು ಬಾಯಿಗೆ ಹಿಡಿದಳು. ಒಳಗೆ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಹಳೆಯ ಕಬ್ಬಿಣದ ವಾಸನೆ, ಕತ್ತಲು. ಸೀಳಿನಿಂದ ಬರುವ ಬೆಳಕು ಅವಳ ಮುಖದ ಮೇಲೆ ಒಂದು ಗೆರೆಯಂತೆ ಬಿದ್ದಿತ್ತು. ಅವಳು ಗೋಡೆ ಮುಟ್ಟಿದಳು, ಒಲೆಯ ಬಾಗಿಲು ಮುಟ್ಟಿದಳು.

“ಅಣ್ಣಾರ, ಅಂವಾ ಎಲ್ಲಿ ನಿಂದರತಿದ್ದ?”

ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಹೇಳಿಬಿಟ್ಟೆ. ಇಂಥ ಗಾಡಿಗಳು ಎರಡು ಇದ್ದವು. ಸಾವು ಆದದ್ದು ಎರಡನೆಯದರಲ್ಲಿ. ಅದನ್ನು ಒಡೆದು ಕರಗಿಸಿದ್ದಾರೆ, ಈಗ ಎಲ್ಲಿಯೂ ಇಲ್ಲ. ನಿಮ್ಮ ಅಪ್ಪ ಇದರೊಳಗೆ ಎಂದಾದರೂ ಕಾಲಿಟ್ಟಿದ್ದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಕೆಳಗೆ ನಿಂತು ಕೇಳಿಸಿಕೊಂಡ ಸೊಸೆ, “ಅತ್ತಿ, ನಡೀರಿ ಹೋಗೂಣ. ಮನ್ಯಾಗ ಇಟ್ರಾತು” ಎಂದಳು. ಅವಳ ದನಿಯಲ್ಲಿ ನನ್ನ ಮೇಲೆ ಸಿಟ್ಟಿತ್ತು. ಇರಬೇಕಾದದ್ದೇ. ನನಗೂ ನನ್ನ ಮೇಲೆ, ನನ್ನ ಹೆಂಡತಿಯ ಮೇಲೆ, ಈ ಕಬ್ಬಿಣದ ಗಾಡಿಯನ್ನು ಇಲ್ಲಿಯವರೆಗೆ ಎಳೆದು ತಂದವರ ಮೇಲೆ ಸಿಟ್ಟು ಬಂದಿತ್ತು. ಬೆಳಗಿನ ಜಾವ ಎದ್ದು ಮಾಡಿದ ಅಡುಗೆಯನ್ನು ಈ ಮುದುಕಿ ಹಾಗೇ ಹೊತ್ತುಕೊಂಡು ಮುಂಡರಗಿಗೆ ಹೋಗುವುದನ್ನು ನಾನು ನೋಡಬೇಕಾಗುತ್ತದೆ ಎಂದುಕೊಂಡೆ.

“ಇಂಥಾವು ಎರಡು ಇದ್ದುವು ಅಂದ್ರೆಲ್ಲ,” ಎಂದಳು ಅತ್ತೆ, ನನ್ನ ಕಡೆಗೆ ತಿರುಗಿ. “ಇದು ಮೊದಲನೇದಾ?”

“ಹೂಂನ್ರಿ.”

“ಎರಡೂ ಒಬ್ಬರ ಕೈಯಾಗ ಹುಟ್ಟಿದ್ದಾ?”

“ಹೂಂನ್ರಿ, ಒಂದ ಕಾರ್ಖಾನಿ.”

“ಹಂಗಾರ ಇದು ಅಣ್ಣನ ಮನಿ ಆತು.” ಅವಳು ಸೊಸೆಯ ಕಡೆಗೆ ತಿರುಗಿದಳು. “ತಮ್ಮನ ಮನಿ ಬಿದ್ದು ಹೋದ್ರ ಹಿರ್ಯಾರ ಎಡಿ ಎಲ್ಲಿ ಇಡ್ತಾರ್ವಾ? ಅಣ್ಣನ ಮನ್ಯಾಗ ಇಡೂದಿಲ್ಲೇನು? ಡಬ್ಬಿ ಕೊಡು ಮ್ಯಾಲ.”

ಸೊಸೆ ಡಬ್ಬಿ ಎತ್ತಿಕೊಟ್ಟಳು. ಪೇಪರು ಹಾಸಿದೆ. ಕಲ್ಲಿದ್ದಲು ಹಾಕುವವನು ನಿಲ್ಲುವ ಜಾಗ ತೋರಿಸಿದೆ. ಅಲ್ಲಿ ಒಂದು ಹೊಸ ಧೋತರ, ಒಂದು ಟವೆಲು ಇಟ್ಟಳು. ಬಾಳೆ ಎಲೆ ಹಾಕಿ ನೀರು ಚಿಮುಕಿಸಿದಳು. ಆಮೇಲೆ ಡಬ್ಬಿಗಳನ್ನು ಬಿಚ್ಚತೊಡಗಿದಳು, ಅವು ಮುಗಿಯಲೊಲ್ಲವು. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಹೋಳಿಗೆ, ಕರಿಗಡಬು, ಕಟ್ಟಿನ ಸಾರು, ಅನ್ನ, ಮೊಸರು, ಶೇಂಗಾ ಚಟ್ನಿ, ಹಸಿಮೆಣಸಿನಕಾಯಿ. ಎಲೆ ತುಂಬಿ ಹೋಯಿತು, ಇನ್ನೊಂದು ಎಲೆ ಹಾಕಿದಳು. ಇಷ್ಟೊಂದು ಯಾಕ್ರಿ ಅಕ್ಕಾರ ಎಂದೆ.

“ಅಂವಗ ಏನ್ ಸೇರತಿತ್ತಂತ ನನಗ ಗೊತ್ತಿಲ್ರಿ. ಅವ್ವನ್ನ ಕೇಳಿದ್ರ, ಬಂದ ಮ್ಯಾಲ ಅಂವನ್ನ ಕೇಳೀಯಂತ ಅಂತಿದ್ಲು. ಅದಕ್ಕ ಎಲ್ಲಾ ಮಾಡೇನಿ.”

ನಮ್ಮ ಮನೆಯಲ್ಲಿ, ಹೋದವರನ್ನು ನೆನೆಯುವ ಶಬೇ ಬರಾತಿಗೆ ನನ್ನ ಅಬ್ಬಾನ ಹೆಸರಿನಲ್ಲಿ ಹಲ್ವಾ ಮಾಡಿ ಫಾತಿಹಾ ಕೊಡಿಸುತ್ತೇವೆ. ಸಕ್ಕರೆ ಕಮ್ಮಿ, ಗೋಡಂಬಿ ಹಾಕುವಂತಿಲ್ಲ, ಹಲ್ಲಿಗೆ ಸಿಕ್ಕರೆ ಅವರಿಗೆ ಆಗುತ್ತಿರಲಿಲ್ಲ. ಇದು ನನಗೆ ಗೊತ್ತಿದೆ, ಯಾರನ್ನೂ ಕೇಳಬೇಕಾಗಿಲ್ಲ. ಅಂಥದ್ದೊಂದು ಗೊತ್ತಿರುವುದು ಎಷ್ಟು ದೊಡ್ಡದು ಎಂದು ನಾನು ಅವತ್ತಿನವರೆಗೆ ಯೋಚಿಸಿರಲಿಲ್ಲ. ಮುಖ ಆಚೆ ಮಾಡಿ ಬಾಗಿಲಿನ ಚಿಲಕ ನೋಡುತ್ತ ನಿಂತೆ.

ಎಲ್ಲ ಬಡಿಸಿಯಾದ ಮೇಲೆ ಕೆಳಗಿಳಿದೆವು. ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು. ಉಕ್ಕಿನ ಬಾಗಿಲನ್ನು ನಾನೇ ತಳ್ಳಿ ಮುಚ್ಚಿದೆ. ಇನ್ನು ಕರೆಯಬೇಕು. ಎಡೆ ಇಟ್ಟವರೇ ಕರೆಯಬೇಕು, ದನಿ ತೆಗೆದು ಕರೆಯಬೇಕು, ಇಲ್ಲದಿದ್ದರೆ ಹೋದವರಿಗೆ ತಮ್ಮನ್ನೇ ಕರೆದದ್ದೆಂದು ತಿಳಿಯುವುದಿಲ್ಲ ಎಂಬುದು ಅವರ ನಂಬಿಕೆ. ಅವಳು ಸೆರಗು ಹೊದ್ದು, ಸೀಳಿನ ಕೆಳಗೆ ಕೈ ಜೋಡಿಸಿ ನಿಂತಳು. ಬಾಯಿ ತೆರೆದಳು. ದನಿ ಬರಲಿಲ್ಲ.

ಸೊಸೆ ಮೆಲ್ಲಗೆ, “ಕರೀರಿ ಅತ್ತಿ” ಎಂದಳು.

ಮತ್ತೆ ಬಾಯಿ ತೆರೆದಳು. ತುಟಿ ಅಲುಗಿದವು, ಅಷ್ಟೇ. ಉಪವಾಸಕ್ಕೆ ಗಂಟಲು ಒಣಗಿದೆಯೇನೋ ಎಂದು ನಾನು ನೀರಿನ ಬಾಟಲಿ ತರಲು ತಿರುಗಿದೆ. ಅವಳು ಬೇಡವೆಂದು ಕೈ ಮಾಡಿದಳು.

“ಅಪ್ಪಾ ಅಂತ ನಾ ಯಾರನ್ನೂ ಕರದಿಲ್ರಿ ಅಣ್ಣಾರ. ಒಮ್ಮೆನೂ ಇಲ್ಲ. ನನ್ನ ದನಿ ಅಂವಗ ಹೆಂಗ ಗೊತ್ತಾಗಬೇಕು? ಯಾರೋ ಕರೀತಾರಂತ ಸುಮ್ನಿದ್ದುಬಿಡ್ತಾನ.”

ಹೊರಗೆ ರಸ್ತೆಯಲ್ಲಿ ಟ್ರ್ಯಾಕ್ಟರ್ ಒಂದು ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೆ ಅವಳು ಕಾದಳು. ಆಮೇಲೆ ಎಂಜಿನ್ನಿಗೆ ಇನ್ನಷ್ಟು ಹತ್ತಿರ ಹೋಗಿ, ಕಾಲಬೆರಳ ಮೇಲೆ ನಿಂತು, ಮುಖವನ್ನು ಆ ಸೀಳಿನ ಕಡೆಗೆ ಎತ್ತಿದಳು. ಕರೆಯುವ ದನಿಯಲ್ಲಿ ಅಲ್ಲ, ಹೊಸಬರಿಗೆ ಗುರುತು ಹೇಳುವ ದನಿಯಲ್ಲಿ ಮಾತನಾಡಿದಳು.

“ಯಪ್ಪಾ, ಉಣ್ಣಾಕ ಇಟ್ಟೇನಿ. ಅವ್ವ ಹೋದ ವರ್ಷ ತೀರಿಕೊಂಡ್ಲು, ಕುಂಕುಮ ಹಚಗೊಂಡ ಹೋದ್ಲು. ನೀ ರೈಲು ಹತ್ತೂಮುಂದ ಆಕಿ ಹೊಟ್ಟ್ಯಾಗ ಇತ್ತಲ್ಲ, ಅದು ಹೆಣ್ಣಾತು. ನಾನ ಅದು.”